ಗೊರೂರಿನಲ್ಲಿ ಕುದುರೆ ಕಟ್ಟುವ ಮೊದಲು

ಬೆಂಗಳೂರಿನಿಂದ ಹಾಸನದ ಕಡೆ ಹೊರಟರೆ ಕುಣಿಗಲ್ ಹತ್ತಿರ ಬಂದಾಗ ನಮ್ಮ ಕಾರಿನಲ್ಲಿ ಬರೋದು ಒಂದೇ ಪ್ರಶ್ನೆ: ತಿಂಡಿಗೆ ಎಲ್ಲಿ ನಿಲ್ಲಿಸೋಣ? ಆ ಊರಿನಲ್ಲಿ 400 ಎಕರೆಗೂ ಹೆಚ್ಚು ಜಾಗದಲ್ಲಿ ಒಂದು ಕುದುರೆ ಫಾರಂ ಇದೆ ಅನ್ನೋದು ಎಷ್ಟೋ ಜನಕ್ಕೆ ನೆನಪೇ ಇರಲ್ಲ. ಟಿಪ್ಪು ಸುಲ್ತಾನ್ ತನ್ನ ಅಶ್ವಪಡೆಗಾಗಿ ಶುರು ಮಾಡಿದ ಜಾಗ ಅದು. ಆಮೇಲೆ ಬ್ರಿಟಿಷರ ಸೈನ್ಯಕ್ಕೆ, ಮೈಸೂರು ಸಂಸ್ಥಾನಕ್ಕೆ ಕುದುರೆ ಕೊಟ್ಟಿತು. 1992ರಲ್ಲಿ 30 ವರ್ಷದ ಗುತ್ತಿಗೆಗೆ ಹೋಗಿ ರೇಸ್ ಕುದುರೆಗಳ ತವರಾಯಿತು. ಕುದುರೆ ಸಾಕೋದು ನಮ್ಮ ಕಡೆಗೆ ಹೊಸದೇನಲ್ಲ ಅಂತ ಹೇಳೋಕೆ ಇಷ್ಟು ಸಾಕು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಸಲ ನಾವು ಗೊರೂರಿಗೆ ಹೊರಟಿದ್ದೇ ಕುದುರೆ ನೋಡೋಕೆ. ನನ್ನ ಟೀಮ್‌ನ ಗೆಳೆಯನೊಬ್ಬ ಗೊರೂರಿನ ಹತ್ತಿರ ಎರಡು ಎಕರೆ ಜಮೀನು ತಗೊಂಡಿದ್ದಾನೆ. ತೆಂಗು, ಒಂದಿಷ್ಟು ಮಾವು, ಒಂದು ಶೀಟಿನ ಮನೆ. ವೀಕೆಂಡ್ ರೈತ. ಪಕ್ಕದ ಹಳ್ಳಿಯಲ್ಲಿ ಮದುವೆ ಮೆರವಣಿಗೆಗೆ ಓಡಾಡುತ್ತಿದ್ದ ಹೆಣ್ಣು ಕುದುರೆಯೊಂದನ್ನು ಮಾರುತ್ತಾರಂತೆ, ಹೆಸರು ರಾಣಿ. ರೇಟು ಒಂದು ಒಳ್ಳೆ ಫೋನಿನಷ್ಟೇ. "ಫೋನ್ ಎರಡು ವರ್ಷ ಬರುತ್ತೆ, ಕುದುರೆ ಅದಕ್ಕಿಂತ ಜಾಸ್ತಿ ಬರುತ್ತಲ್ವಾ?" ಅಂತ ಅವನ ಲೆಕ್ಕ. ಆ ಲೆಕ್ಕ ಎಲ್ಲಿಗೆ ಹೋಗಿ ನಿಂತಿತು ಅನ್ನೋದೇ ಈ ಬರಹ.

ಹೇಮಾವತಿ ದಂಡೆಯ ಊರು

ಗೊರೂರು ಗೊತ್ತಿಲ್ಲದ ಕನ್ನಡ ಓದುಗರು ಕಡಿಮೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಊರನ್ನು, ಹೊಳೆಯನ್ನು, ಜನರ ತಮಾಷೆಯನ್ನು ಪುಸ್ತಕದೊಳಗೆ ತಂದು ಕೂರಿಸಿಬಿಟ್ಟಿದ್ದಾರೆ. ಹಾಸನದಿಂದ ಮುಕ್ಕಾಲು ಗಂಟೆಯ ದಾರಿ. ಹೊಳೆ ದಂಡೆಯಲ್ಲಿ ಯೋಗಾನರಸಿಂಹ ಸ್ವಾಮಿ ದೇವಸ್ಥಾನ. ಊರಿನ ಪಕ್ಕದಲ್ಲೇ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟು. ಉದ್ದ ನಾಲ್ಕೂವರೆ ಕಿಲೋಮೀಟರಿಗೂ ಜಾಸ್ತಿ, ತುಂಬಿದರೆ 37 ಟಿಎಂಸಿ ನೀರು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಹಳೇ ಚರ್ಚ್ ಇರೋದು ಇದೇ ಹಿನ್ನೀರಿನಲ್ಲಿ. ರೀಲ್ಸ್‌ನಲ್ಲಿ ನೀವು ನೋಡೇ ಇರ್ತೀರಿ.

ಸುತ್ತ ರಾಗಿ, ಜೋಳ, ಆಲೂಗಡ್ಡೆ. ನೀರು ಕಡಿಮೆಯಾದಾಗ ಹಿನ್ನೀರಿನ ಬಯಲಿನ ತುಂಬ ಹಸಿರು ಹುಲ್ಲು. ನೋಡಿದ ತಕ್ಷಣ ಯಾರಿಗಾದರೂ ಅನಿಸುತ್ತೆ: ಇಲ್ಲೊಂದು ಕುದುರೆ ಇದ್ದಿದ್ದರೆ! ನನಗೂ ಅನಿಸಿತು. ಹಾಸನ ಜಿಲ್ಲೆಯಲ್ಲಿ ಕುದುರೆಗೇನು ಕಮ್ಮಿ? ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಸಾಲು ಸಾಲಾಗಿ ಆನೆ, ಸಿಂಹ, ಕುದುರೆ ಸವಾರರು ಓಡುತ್ತಲೇ ಇದ್ದಾರೆ. ಮುಂದಿನ ಸಲ ಹೋದಾಗ ಆ ಕುದುರೆಗಳ ಬಾಯಿ, ಬೆನ್ನು ಸ್ವಲ್ಪ ನಿಂತು ನೋಡಿ. ಲಗಾಮು, ತಡಿ ಎಲ್ಲವನ್ನೂ ಶಿಲ್ಪಿ ಬಿಡಿಸಿದ್ದಾನೆ.

ಆದ್ರೆ ಕಲ್ಲಿನ ಕುದುರೆಗೆ ಬೆಳಿಗ್ಗೆ ಆರಕ್ಕೆ ಹುಲ್ಲು ಬೇಡ.

ತಾತನ ಇಂಟರ್‌ವ್ಯೂ

ರಾಣಿಯನ್ನು ನೋಡೋಕೆ ಹೋದಾಗ ಜೊತೆಗೆ ಒಬ್ಬರು ತಾತನನ್ನು ಕರೆದುಕೊಂಡು ಹೋದೆವು. ಅರಕಲಗೂಡಿನಲ್ಲಿರುವ ನಮ್ಮಮ್ಮನ ತವರಿಗೆ ಗೊತ್ತಿರುವವರು, ಕಾಲದಲ್ಲಿ ಹಾಸನದಲ್ಲಿ ಜಟಕಾ ಓಡಿಸಿದವರು. ಆಟೋ ಬಂದ ಮೇಲೆ ಗಾಡಿ ಮಾರಿ ವ್ಯವಸಾಯಕ್ಕೆ ಬಂದರು. ಮಾತು ಕಡಿಮೆ. ಕುದುರೆಗಿಂತ ಮೊದಲು ನನ್ನ ಗೆಳೆಯನನ್ನೇ ಪರೀಕ್ಷೆ ಮಾಡಿದರು.

"ಇಲ್ಲಿ ಇರ್ತೀಯೇನಪ್ಪ?"

"ಶನಿವಾರ, ಭಾನುವಾರ ಬರ್ತೀನಿ ತಾತ."

"ಮಿಕ್ಕಿದ್ದ ಐದು ದಿನ ಕುದ್ರೆ ಏನ್ ಮಾಡ್ಬೇಕು? ಅದ್ಕೂ ರಜ ಕೊಡ್ತೀಯಾ?"

ಗೆಳೆಯ ನಕ್ಕ. ತಾತ ನಗಲಿಲ್ಲ.

ರಾಣಿ ಒಂದು ಹಲಸಿನ ಮರದ ಕೆಳಗೆ ಕಟ್ಟಿತ್ತು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ತಾತ ಹಿಂದಿನಿಂದ ಹೋಗಲಿಲ್ಲ, ಎದುರಿಗೆ ನೇರವಾಗಿಯೂ ಹೋಗಲಿಲ್ಲ. ಎಡಗಡೆಯಿಂದ, ಮಾತಾಡುತ್ತಾ, ಭುಜದ ಕಡೆಗೆ ನಿಧಾನ ನಡೆದರು. ಕುದುರೆಯ ಕಣ್ಣು ತಲೆಯ ಪಕ್ಕಗಳಲ್ಲಿ ಇರೋದರಿಂದ ಅದಕ್ಕೆ ಸುತ್ತ ಬಹುಪಾಲು ಎಲ್ಲಾ ಕಾಣುತ್ತೆ. ಕಾಣದೇ ಇರೋದು ಎರಡೇ ಜಾಗ: ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಸದ್ದಿಲ್ಲದೆ ಹಿಂದಿನಿಂದ ಹೋದವನು ಒದೆಸಿಕೊಳ್ಳುವುದು ಕುದುರೆಯ ಸಿಟ್ಟಿನಿಂದಲ್ಲ, ಹೆದರಿಕೆಯಿಂದ.

ಭುಜ ತಟ್ಟಿ, ಕೈಯನ್ನು ಕಾಲಿನುದ್ದಕ್ಕೂ ಇಳಿಸಿ, ಮುಂಗಾಲು ಎತ್ತಿಸಿ ಗೊರಸಿನ ತಳ ತೋರಿಸಿದರು. ಅಂಚು ಬೆಳೆದು ಮುಂದಕ್ಕೆ ಚಾಚಿತ್ತು. ನಡುವಿನ ಮೆತ್ತನೆ ಭಾಗದ ಸಂದಿಯಲ್ಲಿ ಕಪ್ಪು ಕೆಸರು, ಕೊಳೆತ ವಾಸನೆ. "ತಿಂಗ್ಳುಗಟ್ಲೆ ಯಾರೂ ಮುಟ್ಟಿಲ್ಲ" ಅಂದರು.

ಗೊರಸು ನಮ್ಮ ಉಗುರಿನ ಹಾಗೆ ಬೆಳೀತಾನೇ ಇರುತ್ತೆ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಬೇಕು, ಲಾಳ ಇದ್ದರೆ ತೆಗೆದು ಮತ್ತೆ ಹೊಡೆಯಬೇಕು. ಬಿಟ್ಟರೆ ಭಾರ ಬೀಳುವ ಕೋನವೇ ಬದಲಾಗಿ ಕೀಲು, ನರ ಎಲ್ಲ ಎಳೆಯುತ್ತೆ. ದಿನಾ ಒಂದು ಸಲ ತಳ ಕೆರೆದು ಕಲ್ಲು, ಕೆಸರು, ಲದ್ದಿ ತೆಗೆಯಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕಡೆ ಮಳೆ ಹಿಡಿದರೆ ನೆಲ ಒಣಗೋದೇ ಇಲ್ಲ. ಒದ್ದೆ ನೆಲದಲ್ಲೇ ನಿಂತ ಕುದುರೆಯ ಗೊರಸು ಕೊಳೆಯುತ್ತೆ. ಹಾಗಾಗಿ ಲಾಯ ಅಂದ್ರೆ ಬರೀ ಚಾವಣಿ ಅಲ್ಲ, ನೀರು ನಿಲ್ಲದ ಎತ್ತರದ ಒಣ ನೆಲವೂ ಬೇಕು.

ಆಮೇಲೆ ತಾತ ಬಾಯಿ ನೋಡಿದರು. ಹಲ್ಲು ನೋಡಿ "ಹನ್ನೆರಡು ಆಗೈತೆ" ಅಂದರು. ತುಟಿಯ ಮೂಲೆಯಲ್ಲಿ ಎರಡೂ ಕಡೆ ಹಳೇ ಗಾಯದ ಗುರುತು. ಅಲ್ಲೇ ಗೂಟಕ್ಕೆ ನೇತು ಹಾಕಿದ್ದ ಕಡಿವಾಣ ಎತ್ತಿ ನಮ್ಮ ಕೈಗೆ ಕೊಟ್ಟರು. ಬಾಯೊಳಗೆ ಹೋಗುವ ಕಬ್ಬಿಣಕ್ಕೆ ಮೊನಚು ಮುಳ್ಳುಗಳಿದ್ದವು. ಮದುವೆ ಮನೆಗಳಲ್ಲಿ ಪಟಾಕಿ, ಡಿಜೆ, ಲೈಟಿನ ನಡುವೆ ಕುದುರೆ ತಲೆಯೆತ್ತಿ "ಡ್ಯಾನ್ಸ್" ಮಾಡುತ್ತಲ್ಲ, ಅದನ್ನು ಕಂಡು ನಾವು ವಿಡಿಯೋ ಮಾಡ್ತೀವಲ್ಲ, ಅದರ ಹಿಂದೆ ಕೆಲವೊಮ್ಮೆ ಇಂಥ ಕಬ್ಬಿಣ ಇರುತ್ತೆ.

ಇದು ಬರೀ ಕ್ರೂರ ಅಲ್ಲ, ಕಾನೂನಿಗೆ ವಿರುದ್ಧವೂ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ 1965ರಲ್ಲಿ ಬಂದ ನಿಯಮಗಳು ಮುಳ್ಳಿನ ಕಡಿವಾಣವನ್ನು ನಿಷೇಧಿಸಿವೆ. ಗಾಡಿ ಎಳೆಯುವ, ಭಾರ ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. 37 ಡಿಗ್ರಿ ದಾಟಿದ ಬಿಸಿಲಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತೆಯೇ ಇಲ್ಲ. ನಮ್ಮ ಅಪ್ಪ-ಅಮ್ಮ ಹುಟ್ಟಿದ ಕಾಲದ ನಿಯಮ ಇದು.

ಹಸುವಿನ ಮೇವು, ಕುದುರೆಯ ವಿಷ

ಗೊರೂರು ಸುತ್ತಮುತ್ತ ಮನೆಮನೆಗೂ ಹಸು ಇದೆ, ಹಾಲಿನ ಡೈರಿ ಇದೆ. ಅದಕ್ಕೇ ಎಲ್ಲರೂ ಹೇಳೋ ಮಾತು: "ಹಸು ಸಾಕಿದೋರಿಗೆ ಕುದುರೆ ಏನು ಮಹಾ?" ಇಲ್ಲೇ ಎಡವಟ್ಟಾಗೋದು.

ಹಸು ಮೆಲುಕು ಹಾಕುತ್ತೆ, ನಾಲ್ಕು ಕೋಣೆಯ ಹೊಟ್ಟೆ ಇದೆ. ಕುದುರೆಯ ಹೊಟ್ಟೆ ಒಂದೇ, ದೇಹಕ್ಕೆ ಹೋಲಿಸಿದರೆ ಚಿಕ್ಕದು. ಅದು ದಿನದ ಹದಿನೈದು-ಹದಿನಾರು ಗಂಟೆ ಚೂರುಚೂರೇ ಹುಲ್ಲು ಮೇಯಲು ಹುಟ್ಟಿದ ಪ್ರಾಣಿ. ಎಲ್ಲಕ್ಕಿಂತ ಮುಖ್ಯ, ಕುದುರೆಗೆ ವಾಂತಿ ಮಾಡೋಕೆ ಆಗಲ್ಲ. ತಿಂದದ್ದು ಕೆಟ್ಟರೆ ಹೊರಗೆ ಬರೋ ದಾರಿಯೇ ಇಲ್ಲ. ಆದ್ದರಿಂದಲೇ ಕುದುರೆ ಸಾಕೋರು ಎಲ್ಲಕ್ಕಿಂತ ಹೆಚ್ಚು ಹೆದರೋದು ಹೊಟ್ಟೆಶೂಲೆಗೆ.

ಈ ಊರಲ್ಲಿ ಕೈಗೆ ಸಿಗೋ ವಸ್ತುಗಳನ್ನೇ ಒಂದೊಂದಾಗಿ ನೋಡಿ. ಆಲೂಗಡ್ಡೆ ಕಿತ್ತ ಮೇಲೆ ಉಳಿದ ಬಳ್ಳಿ, ಹಸಿರು ತಿರುಗಿದ ಗೆಡ್ಡೆ ಕುದುರೆಗೆ ವಿಷ. ಬೂಸ್ಟು ಹಿಡಿದ ಮೆಕ್ಕೆಜೋಳ ಇನ್ನೂ ಅಪಾಯ. ಅದರಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರದ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತೆ. ಹರಳು ಹಿಂಡಿ ಬೇಡವೇ ಬೇಡ. ಹಸುವಿಗೆ, ಕೋಳಿಗೆ ಅಂತ ಬರುವ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಅನ್ನೋ ಔಷಧ ಸೇರಿಸಿರುತ್ತಾರೆ. ಅವುಗಳಿಗೆ ಅದರಿಂದ ತೊಂದರೆ ಇಲ್ಲ, ಕುದುರೆಯ ಹೃದಯವನ್ನು ಅದು ಸ್ವಲ್ಪದರಲ್ಲೇ ಹಾಳು ಮಾಡುತ್ತೆ. ಇನ್ನು ದೇವರ ಪೂಜೆಗೆ ಅಂತ ಬೇಲಿಯಲ್ಲಿ ಹಾಕಿರುವ ಕಣಗಿಲೆ ಗಿಡದ ಕೆಲವೇ ಎಲೆ ಸಾಕು ಜೀವ ಹೋಗೋಕೆ. ನನ್ನ ಗೆಳೆಯನ ಜಮೀನಿನ ಗೇಟಿನ ಎರಡೂ ಪಕ್ಕ ಇದ್ದದ್ದು ಅದೇ ಗಿಡ.

ಹಾಗಾದ್ರೆ ಏನು ಕೊಡಬೇಕು? ಉತ್ತರ ಕೇಳಿದ್ರೆ ಬೋರ್ ಆಗುತ್ತೆ: ಹುಲ್ಲು, ಹುಲ್ಲು, ಹುಲ್ಲು. ತೂಕದ ನೂರರಲ್ಲಿ ಎರಡು ಭಾಗದಷ್ಟು ಒಣ ಲೆಕ್ಕದ ಮೇವು. 300 ಕೆಜಿ ಕುದುರೆಗೆ ದಿನಕ್ಕೆ ಸುಮಾರು 6 ಕೆಜಿ ಒಣ ಹುಲ್ಲು, ಹಸಿ ಹುಲ್ಲಾದರೆ ಅದರ ಹಲವು ಪಟ್ಟು. ಅದನ್ನೂ ಒಂದೇ ಸಲ ಸುರಿಯುವಂತಿಲ್ಲ. ಭತ್ತದ ಹುಲ್ಲೊಂದನ್ನೇ ನಂಬಿದರೆ ಪೌಷ್ಟಿಕಾಂಶವೂ ಕಮ್ಮಿ, ಒಳಗೆ ಗಂಟು ಕಟ್ಟುವ ಭಯವೂ ಇದೆ. ಲೂಸರ್ನ್ ಸೊಪ್ಪಿಗೆ ಕನ್ನಡದಲ್ಲಿ ಕುದುರೆ ಮಸಾಲೆ ಅಂತಲೇ ಹೆಸರು, ಆದರೆ ಹೆಸರೇ ಹೇಳುವ ಹಾಗೆ ಅದು ಮಸಾಲೆ, ಊಟ ಅಲ್ಲ. ಹುರುಳಿಯನ್ನು ನೆನೆಸಿ ಬೇಯಿಸಿ ಕೊಡೋದು ನಮ್ಮ ಕಡೆಯ ಹಳೇ ಪದ್ಧತಿ. ಅದು ದುಡಿಯುವ ಕುದುರೆಗೆ ಅಳತೆಯಲ್ಲಿ ಕೊಡುವಂಥದ್ದು. ಜೊತೆಗೆ ಉಪ್ಪು, ಮತ್ತು 25ರಿಂದ 45 ಲೀಟರ್ ಶುದ್ಧ ನೀರು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಯಾವ ಮೇವನ್ನೇ ಆಗಲಿ ಬದಲಾಯಿಸೋದಾದ್ರೆ ವಾರ ಹತ್ತು ದಿನ ತಗೊಂಡು ಸ್ವಲ್ಪ ಸ್ವಲ್ಪವೇ ಬದಲಾಯಿಸಬೇಕು.

ಮದುವೆ ಮನೆಯಲ್ಲಿ ಪ್ರೀತಿಯಿಂದ ಲಾಡು, ಅನ್ನ ತಿನ್ನಿಸ್ತೀವಲ್ಲ, ಅದೂ ತಪ್ಪೇ. ಹಿಟ್ಟು, ಸಕ್ಕರೆ ಒಮ್ಮೆಲೇ ಜಾಸ್ತಿಯಾದರೆ ಹೊಟ್ಟೆ ಕೆಡುತ್ತೆ, ಗೊರಸಿನೊಳಗೆ ಉರಿಯೂತವಾಗಿ ಕುದುರೆ ಕುಂಟುತ್ತೆ. ಹದಿಮೂರನೇ ಶತಮಾನದಲ್ಲಿ ಮಾರ್ಕೊ ಪೋಲೊ ದಕ್ಷಿಣ ಭಾರತದ ಪೂರ್ವ ಕರಾವಳಿಗೆ ಬಂದಾಗ ಕಂಡದ್ದೂ ಇಂಥದ್ದೇ. ಅಲ್ಲಿನ ರಾಜರು ಸಮುದ್ರದಾಚೆಯಿಂದ ಸಾವಿರಾರು ಕುದುರೆ ತರಿಸುತ್ತಿದ್ದರಂತೆ, ವರ್ಷ ಕಳೆಯುವಷ್ಟರಲ್ಲಿ ಹೆಚ್ಚಿನವು ಸಾಯುತ್ತಿದ್ದವಂತೆ. ಆರೈಕೆ ಗೊತ್ತಿಲ್ಲ, ಕುದುರೆ ವೈದ್ಯರಿಲ್ಲ ಅಂತ ಅವನು ಕಾರಣ ಕೊಡುತ್ತಾನೆ. ಕೊಳ್ಳೋಕೆ ದುಡ್ಡಿತ್ತು, ಸಾಕೋಕೆ ತಿಳಿವಳಿಕೆ ಇರಲಿಲ್ಲ. ಮುಂದೆ ಕನ್ನಡದಲ್ಲೇ ಅಭಿನವಚಂದ್ರ ಅನ್ನುವ ಕವಿ ಕುದುರೆ ವೈದ್ಯದ ಮೇಲೆ ಗ್ರಂಥ ಬರೆದ. ಅಂದ್ರೆ ನಮ್ಮವರೂ ಇದನ್ನು ಕೂತು ಕಲಿಯಬೇಕಾದ ವಿದ್ಯೆ ಅಂತಲೇ ನೋಡಿದ್ದರು.

ಒಂದು ದಿನದ ಕೆಲಸ

ತಾತನ ಮನೆಯ ಜಗುಲಿಯಲ್ಲಿ ಕಾಫಿ ಕುಡೀತಾ ಗೆಳೆಯ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಶುರು ಮಾಡಿದ. ತಾತ ಹೇಳ್ತಾ ಹೋದರು, ಅವನು ತುಂಬ್ತಾ ಹೋದ.

ಬೆಳಿಗ್ಗೆ ಎದ್ದ ತಕ್ಷಣ ದೂರದಿಂದಲೇ ನೋಡಬೇಕು. ನಿಂತಿರೋದು ಸರಿ ಇದೆಯಾ? ರಾತ್ರಿ ಹಾಕಿದ್ದು ತಿಂದಿದೆಯಾ? ಲದ್ದಿ ಹಾಕಿದೆಯಾ? ಲದ್ದಿ ಇಲ್ಲ ಅಂದ್ರೆ ಅದೇ ಮೊದಲ ಅಲಾರಂ. ಆಮೇಲೆ ನೀರು ಬದಲಾಯಿಸಿ ಹುಲ್ಲು ಹಾಕೋದು, ಲಾಯ ಗುಡಿಸೋದು. ಖರಾರದಿಂದ ಮೈ ತಿಕ್ಕೋದು. ಇದು ಅಲಂಕಾರಕ್ಕಲ್ಲ, ಕೈ ಓಡಿಸುವಾಗಲೇ ಗಾಯ, ಊತ, ಉಣ್ಣೆ ಗೊತ್ತಾಗೋದು. ಗೊರಸು ಕೆರೆಯೋದು. ಮೇಯಲು, ಅಡ್ಡಾಡಲು ಬಿಡೋದು. ಮಧ್ಯಾಹ್ನ ಮತ್ತೆ ಹುಲ್ಲು, ಸಂಜೆ ಮತ್ತೆ, ರಾತ್ರಿ ಮಲಗೋ ಮುಂಚೆ ಮತ್ತೆ.

ಇದಕ್ಕೆ ನಾನು ಓದಿ ತಿಳಿದದ್ದನ್ನೂ ಸೇರಿಸಿದೆ. ಆರಾಮಾಗಿರೋ ಕುದುರೆಯ ಮೈಶಾಖ 37.5ರಿಂದ 38.5 ಡಿಗ್ರಿ, ನಾಡಿ ನಿಮಿಷಕ್ಕೆ 28ರಿಂದ 44. ನಿಮ್ಮ ಕುದುರೆಯ ಲೆಕ್ಕ ಎಷ್ಟು ಅಂತ ಅದು ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆ ಹಲ್ಲು ಉಜ್ಜಿ ಮೊನಚು ತೆಗೆಸಬೇಕು, ಇಲ್ಲದಿದ್ದರೆ ಕೆನ್ನೆ ಒಳಗೆ ಗಾಯವಾಗಿ ಅಗಿಯೋದನ್ನೇ ಬಿಡುತ್ತೆ. ಧನುರ್ವಾಯು, ರೇಬಿಸ್ ಲಸಿಕೆ. ಲದ್ದಿ ಪರೀಕ್ಷೆ ಮಾಡಿಸಿ ಜಂತಿನ ಔಷಧ. ಹಿನ್ನೀರಿನ ಹತ್ತಿರ ಕಚ್ಚುವ ನೊಣ ಜಾಸ್ತಿ. ಸರ್ರಾ ಅನ್ನೋ ಜ್ವರ ಹರಡೋದು ಆ ನೊಣಗಳಿಂದಲೇ. ಗ್ಲಾಂಡರ್ಸ್ ಅನ್ನೋ ರೋಗ ಬಂದರೆ ಅದು ಮನುಷ್ಯರಿಗೂ ಅಂಟುತ್ತೆ, ಸರ್ಕಾರಕ್ಕೆ ತಿಳಿಸಲೇಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇರೋದು ಈ ಕಡೆಯವರ ಅದೃಷ್ಟ. ಆದರೆ ಅಲ್ಲಿಗೆ ಕುದುರೆಯನ್ನು ಯಾವ ಗಾಡಿಯಲ್ಲಿ, ಯಾರು, ರಾತ್ರಿ ಎರಡು ಗಂಟೆಗೆ ಕರೆದೊಯ್ಯುತ್ತಾರೆ ಅನ್ನೋದು ಮೊದಲೇ ಗೊತ್ತಿರಬೇಕು.

ಹೊಟ್ಟೆಶೂಲೆಯ ಗುರುತನ್ನು ತಾತ ನಟಿಸಿಯೇ ತೋರಿಸಿದರು: ತಿರುತಿರುಗಿ ಹೊಟ್ಟೆ ಕಡೆ ನೋಡೋದು, ಕಾಲಿನಿಂದ ನೆಲ ಕೆರೆಯೋದು, ಮಲಗಿ ಎದ್ದು ಹೊರಳಾಡೋದು, ಬೆವರೋದು. ಆಗ ಮೇವು ತೆಗೆದುಬಿಟ್ಟು ಡಾಕ್ಟರಿಗೆ ಫೋನ್ ಮಾಡಬೇಕು. ಹಸುವಿಗೆ ಹಾಕುವ ಹಾಗೆ ಗೊಟ್ಟದಲ್ಲಿ ಎಣ್ಣೆ, ಕಷಾಯ ಹುಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಕುದುರೆ ಶೂಲೆಯಿಂದಲ್ಲ, ಔಷಧದಿಂದಲೇ ಸಾಯುತ್ತೆ.

"ಒಂಟಿಯಾಗಿ ಕಟ್ಬೇಡ" ಅಂತಲೂ ತಾತ ಹೇಳಿದರು. ಕುದುರೆ ಗುಂಪಿನ ಪ್ರಾಣಿ. ನಿಂತೇ ತೂಕಡಿಸುತ್ತೆ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಕಾವಲಿಗೆ ಜೊತೆಯವರಿಲ್ಲ ಅನಿಸಿದರೆ ಮಲಗೋಕೆ ಹೆದರುತ್ತೆ. ಇನ್ನೊಂದು ಕುದುರೆ ಬೇಕು, ಆಗದಿದ್ದರೆ ಕನಿಷ್ಠ ಮೇಕೆಯೋ ಕತ್ತೆಯೋ ಜೊತೆಗಿರಬೇಕು. ಶೀಟಿನಲ್ಲಿ ಒಂದಿದ್ದ ಕಡೆ ಎರಡಾಯಿತು.

ತುಂಬದ ಎರಡು ಖಾನೆ

ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತೆ. ರಾಣಿಗೆ ಹನ್ನೆರಡು ಅಂದ್ರೆ ಇನ್ನೂ ಹದಿಮೂರರಿಂದ ಹದಿನೆಂಟು ವರ್ಷ. ನಮ್ಮ ಹೋಮ್ ಲೋನ್ ಹೆಚ್ಚುಕಮ್ಮಿ ಅಷ್ಟೇ ವರ್ಷದ್ದು. ಅದರಲ್ಲಿ ಕೊನೆಯ ಕೆಲವು ವರ್ಷ ಸವಾರಿಗೂ ಆಗಲ್ಲ, ಹಲ್ಲು ಸವೆದು ನೆನೆಸಿದ ಮೇವೇ ಬೇಕು. ಖರ್ಚು ಜಾಸ್ತಿ, ಉಪಯೋಗ ಸೊನ್ನೆ. ರಸ್ತೆಗೆ ಬಿಟ್ಟ ಕುದುರೆಗಳು ಬಹಳಷ್ಟು ಬರೋದು ಇಲ್ಲಿಂದಲೇ.

ಗೆಳೆಯನ ಶೀಟಿನಲ್ಲಿ ಮೇವು, ಲಾಳ, ಡಾಕ್ಟರು, ಬೇಲಿ, ಲಾಯ ಎಲ್ಲದಕ್ಕೂ ಅಂಕಿ ಬಂತು. ಕುದುರೆಯ ರೇಟು ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಚಿಕ್ಕ ಸಾಲು. ಖಾಲಿ ಉಳಿದದ್ದು ಎರಡೇ ಖಾನೆ. ಸೋಮವಾರದಿಂದ ಶುಕ್ರವಾರ ಯಾರು? ಮತ್ತು, ನನಗೆ ಆನ್‌ಸೈಟ್ ಸಿಕ್ಕರೆ, ಕೆಲಸ ಹೋದರೆ, ಯಾರು?

ದುಡ್ಡು ಕೊಟ್ಟು ಆಳಿಡಬಹುದು ಅಂದ. ತಾತ ತಲೆ ಆಡಿಸಿದರು. "ಆಳು ಇಡ್ಬೌದು ಕಣಪ್ಪ. ಆಳು ಸರ್ಯಾಗಿ ನೋಡ್ತಾವ್ನಾ ಅಂತ ತಿಳ್ಕಳಕಾದ್ರೂ ನಿಂಗೆ ಕುದ್ರೆ ಗೊತ್ತಿರ್ಬೇಕಲ್ವಾ?"

ಗೆಳೆಯ ರಾಣಿಯನ್ನು ಕೊಳ್ಳಲಿಲ್ಲ. ಇದು ಸರಿಯಾ ಅಂತ ನಾವಿಬ್ಬರೂ ವಾಪಸ್ ಬರುವಾಗ ಚನ್ನರಾಯಪಟ್ಟಣದವರೆಗೂ ವಾದ ಮಾಡಿದೆವು. ಬಿಟ್ಟು ಬಂದರೆ ಅದು ಮತ್ತೆ ಮುಳ್ಳಿನ ಕಡಿವಾಣಕ್ಕೇ ಅಲ್ವಾ? ತಂದರೆ ವಾರಕ್ಕೆ ಐದು ದಿನ ಒಂಟಿ ಅಲ್ವಾ? ಮಾಲೀಕರೂ ಕೆಟ್ಟವರಲ್ಲ. ಅವರ ಸಂಸಾರ ನಡೆಯೋದೂ ಅದೇ ಮೆರವಣಿಗೆಯಿಂದ. ಸೀಸನ್ ಇಲ್ಲದ ತಿಂಗಳಲ್ಲಿ ತಮಗೇ ಕಷ್ಟ ಇರುವಾಗ ಗೊರಸಿನ ಖರ್ಚು ಹಿಂದೆ ಬೀಳುತ್ತೆ.

ಕೊನೆಗೆ ಆದದ್ದು ಇಷ್ಟು. ತಾತನೇ ಮಾಲೀಕರ ಜೊತೆ ಕೂತು ಮಾತಾಡಿದರು. ಮುಳ್ಳಿಲ್ಲದ ಕಡಿವಾಣ ನಾವು ತಂದುಕೊಟ್ಟೆವು, ಹಳೆಯದನ್ನು ಅವರು ಕೊಟ್ಟರು. ಎರಡು ತಿಂಗಳಿಗೊಮ್ಮೆ ಗೊರಸು ಸಮ ಮಾಡಿಸುವ ಖರ್ಚು ಗೆಳೆಯನದು, ಫೋಟೋ ಕಳಿಸೋದು ಅವರ ಮನೆಯ ಹುಡುಗನ ಕೆಲಸ. ಇಲ್ಲಿಯವರೆಗೆ ಎರಡು ಸಲ ಆಗಿದೆ. ಮಳೆಗಾಲದಲ್ಲಿ ಹೇಗೋ ನೋಡಬೇಕು. ಗೆಳೆಯ ಬೆಂಗಳೂರಿನಲ್ಲಿ ಭಾನುವಾರ ಕುದುರೆ ಸವಾರಿ ಕ್ಲಾಸಿಗೆ ಸೇರಿದ್ದಾನೆ. ಸವಾರಿಗಿಂತ ಜಾಸ್ತಿ ಲಾಯ ಗುಡಿಸೋದೇ ಆಗ್ತಿದೆ ಅಂತ ದೂರುತ್ತಾನೆ, ತಪ್ಪಿಸೋದಿಲ್ಲ.

ನೀವು ಹೋಗೋದಾದ್ರೆ

ಗೊರೂರಿಗೆ ಖಂಡಿತ ಹೋಗಿ. ಮಳೆ ನಿಂತ ಮೇಲೆ ಹೋದರೆ ಅಣೆಕಟ್ಟು ತುಂಬಿರುತ್ತೆ. ಚರ್ಚ್ ಪೂರ್ತಿ ನೋಡಬೇಕಿದ್ದರೆ ಬೇಸಿಗೆಯೇ ಸರಿ. ಒಂದು ದಿನ ಜಾಸ್ತಿ ಇದ್ದರೆ ಹಳೇಬೀಡಿನ ಕುದುರೆ ಸಾಲು ನೋಡಿ ಬನ್ನಿ.

ದಾರಿಯಲ್ಲಿ, ಬೀಚ್‌ನಲ್ಲಿ, ಮದುವೆ ಮನೆಯಲ್ಲಿ ಜೀವಂತ ಕುದುರೆ ಸಿಕ್ಕರೆ ಹತ್ತುವ ಮೊದಲು ನಾಲ್ಕು ಕಡೆ ಕಣ್ಣು ಹಾಯಿಸಿ: ತುಟಿಯ ಮೂಲೆ, ತಡಿಯ ಕೆಳಗಿನ ಬೆನ್ನು, ಪಕ್ಕೆಲುಬು, ಗೊರಸು. ಗಾಯ ಇದ್ದರೆ, ಕುಂಟುತ್ತಿದ್ದರೆ ಹತ್ತಬೇಡಿ. ಯಾಕೆ ಹತ್ತುತ್ತಿಲ್ಲ ಅಂತ ಮಾಲೀಕರಿಗೆ ಮರ್ಯಾದೆಯಿಂದಲೇ ಹೇಳಿ. ಚೆನ್ನಾಗಿ ಸಾಕಿದ ಕುದುರೆ ಕಂಡರೆ ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ. ಆ ದುಡ್ಡಿನಲ್ಲೇ ಅದರ ಮುಂದಿನ ಲಾಳ ಇದೆ.

ಸ್ವಂತ ಕುದುರೆಯ ಆಸೆ ಇದ್ದರೆ ಮೊದಲು ಆರು ತಿಂಗಳು ಬೇರೆಯವರ ಲಾಯದಲ್ಲಿ ಲದ್ದಿ ಎತ್ತಿ ನೋಡಿ. ಆಮೇಲೂ ಆಸೆ ಉಳಿದಿದ್ದರೆ, ಆ ಎರಡು ಖಾನೆಗೆ ಹೆಸರು ಬರೆಯೋಕೆ ಆದರೆ, ಆಗ ಹುಡುಕಿ.